ಕಾಗೆ ಮುಟ್ಟಿದೆ ಅಂದರೆ ಏನು? ಶಾಲೆಯ ಲೈಂಗಿಕ ಶಿಕ್ಷಣದಲ್ಲಿ ಏನಿರುತ್ತದೆ, ಯಾಕಿರುತ್ತದೆ

ನಾನಾಗ ಐದನೇ ಕ್ಲಾಸು. ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಅಕ್ಕ ಹಿತ್ತಲ ಕಡೆಯ ಜಗುಲಿಯಲ್ಲಿ ಚಾಪೆ ಹಾಕಿಕೊಂಡು ಒಬ್ಬಳೇ ಕೂತಿದ್ದಳು. ಓಡಿ ಹೋಗಲು ಹೊರಟವಳ ಕೈಯನ್ನು ಆಯಿ ಹಿಡಿದಳು. "ಮುಟ್ಟಬೇಡ, ಅವಳಿಗೆ ಕಾಗೆ ಮುಟ್ಟಿದೆ" ಅಂದಳು. ನಾನು ಅಂಗಳಕ್ಕೆ ಹೋಗಿ ತೆಂಗಿನ ಮರಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಆ ಕಾಗೆ ಎಲ್ಲಿ ಕೂತಿದೆ, ನನ್ನನ್ನೂ ಮುಟ್ಟುತ್ತದಾ ಅಂತ ಹೆದರಿಕೆ. ಮುಂದೆ ಎರಡು ವರ್ಷ ಕಾಗೆ ಹತ್ತಿರ ಹಾರಿದರೆ ಎದೆ ಹೊಡೆದುಕೊಳ್ಳುತ್ತಿತ್ತು.

ಏಳನೇ ಕ್ಲಾಸಿನಲ್ಲಿ ನನಗೆ ಮುಟ್ಟು ಬಂದಿದ್ದು ಶಾಲೆಯಲ್ಲಿ. ಹೊಟ್ಟೆಯೊಳಗೆ ಏನೋ ಒಡೆದಿದೆ, ಇನ್ನು ಉಳಿಯುವುದಿಲ್ಲ ಅಂತ ಪಾಯಖಾನೆಯ ಬಾಗಿಲು ಹಾಕಿಕೊಂಡು ಅತ್ತೆ. ಈ ರಕ್ತಕ್ಕೂ ಆ ಕಾಗೆಗೂ ಸಂಬಂಧ ಇದೆ ಅಂತ ಯಾರೂ ಹೇಳಿರಲಿಲ್ಲ.

ನಮ್ಮ ಉತ್ತರ ಕನ್ನಡದ ಅಂಕೋಲಾ, ಕುಮಟಾ, ಶಿರಸಿ ಕಡೆಯ ಎಷ್ಟೋ ಹೆಂಗಸರ ಬಳಿ ಇಂಥದ್ದೊಂದು ನೆನಪು ಇರುತ್ತದೆ. ಹೊರಗೆ ಕೂತಿದ್ದಾಳೆ, ಹೊರಗಾಗಿದ್ದಾಳೆ, ಮೂರು ದಿನ ಒಳಗೆ ಬರೋದಿಲ್ಲ. ಹೇಳದೆ ಹೇಳುವ ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಗುವಿಗೆ ಅರ್ಥವಾಗುವ ಮಾತು ಕಡಿಮೆ.

ಈಗ ಇದೆಲ್ಲ ಯಾಕೆ ನೆನಪಾಯಿತು ಅಂದರೆ, ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಎನ್ನುವ ವಿಷಯ ಮತ್ತೆ ಮೇಲೆ ಬಂದಿದೆ. 8ರಿಂದ 12ನೇ ತರಗತಿಯವರೆಗೆ ಇದನ್ನು ತರುವುದಾಗಿ ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರ ಮಾರ್ಚ್‌ನಲ್ಲಿ ಹೇಳಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿಗಳಾದ ಸಂಜಯ್ ಕುಮಾರ್ ಮತ್ತು ಅಲೋಕ್ ಆರಾಧೆ ಒಂದು ಪ್ರಕರಣದಲ್ಲಿ ಇನ್ನೊಂದು ಮಾತು ಹೇಳಿದರು. ಲೈಂಗಿಕ ಶಿಕ್ಷಣವನ್ನು 9ನೇ ತರಗತಿಯಿಂದ ಶುರುಮಾಡಿದರೆ ಸಾಲದು, ಇನ್ನೂ ಚಿಕ್ಕ ವಯಸ್ಸಿನಿಂದಲೇ ಕೊಡಬೇಕು ಅಂತ. ಸುದ್ದಿ ಓದಿದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: "ಮಕ್ಳಿಗೆ ಶಾಲೆಲಿ ಎಂತ ಕಲಿಸ್ತಾರಂತೆ?"

ಕೇಳಬೇಕಾದ ಪ್ರಶ್ನೆಯೇ ಅದು. ಒಂದೊಂದಾಗಿ ನೋಡೋಣ.

ಹೆಸರಿನಲ್ಲೇ ಗೊಂದಲ

ಲೈಂಗಿಕ ಶಿಕ್ಷಣ ಎಂದ ಕೂಡಲೇ ಹೆಚ್ಚಿನವರ ತಲೆಗೆ ಬರುವುದು ಗಂಡು ಹೆಣ್ಣಿನ ದೇಹ ಸಂಬಂಧ. ಅದನ್ನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು ಹೇಳುತ್ತಾರೆ ಎಂದುಕೊಂಡರೆ ಯಾವ ತಾಯಿಗಾದರೂ ಗಾಬರಿಯಾಗುತ್ತದೆ. ಆ ಗಾಬರಿಯಲ್ಲಿ ತಪ್ಪೇನಿಲ್ಲ. ಆದರೆ ಪಾಠದ ಒಳಗೆ ಇರುವುದು ಬೇರೆ.

ತಜ್ಞರು ಇದನ್ನು ಸಮಗ್ರ ಲೈಂಗಿಕ ಶಿಕ್ಷಣ ಎನ್ನುತ್ತಾರೆ. ಯುನೆಸ್ಕೋ ಸಂಸ್ಥೆ ಇದಕ್ಕೊಂದು ಮಾರ್ಗದರ್ಶಿಯನ್ನು 2009ರಲ್ಲಿ ಹೊರತಂದಿತು. 2018ರಲ್ಲಿ ಅದನ್ನು ಪರಿಷ್ಕರಿಸಿತು. ಅದರಲ್ಲಿ ಎಂಟು ವಿಷಯಗಳಿವೆ. ಮನೆಯವರು, ಗೆಳೆಯರ ಜೊತೆ ಸಂಬಂಧ ಹೇಗಿರಬೇಕು ಎಂಬುದು ಒಂದು. ನಮ್ಮ ಮೌಲ್ಯ, ಹಕ್ಕು, ಸಂಸ್ಕೃತಿ ಇನ್ನೊಂದು. ಹುಡುಗ ಹೀಗೇ ಇರಬೇಕು, ಹುಡುಗಿ ಹಾಗೇ ಇರಬೇಕು ಎಂಬ ಕಟ್ಟುಪಾಡು ಎಲ್ಲಿಂದ ಬಂತು ಎಂಬುದು ಮತ್ತೊಂದು. ಹಿಂಸೆಯಿಂದ ದೂರ ಇರುವುದು, ಸರಿಯಾಗಿ ನಿರ್ಧಾರ ಮಾಡಿ ಬೇಕಾದಾಗ ಸಹಾಯ ಕೇಳುವ ಜಾಣ್ಮೆ, ದೇಹ ಬೆಳೆಯುವ ಬಗೆ, ಲೈಂಗಿಕತೆ, ಸಂತಾನ ಮತ್ತು ಆರೋಗ್ಯ. ಎಂಟರಲ್ಲಿ ನಾವು ಹೆದರುವ ವಿಷಯಕ್ಕೆ ಎಷ್ಟು ಜಾಗ ಇದೆ ಅಂತ ಒಮ್ಮೆ ಎಣಿಸಿ ನೋಡಿ.

ಸಮಗ್ರ ಎಂಬ ಪದಕ್ಕೂ ಒಂದು ತೂಕ ಇದೆ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಮೊದಲಿನಿಂದ ಇದೆ. ಅಂಡಾಶಯದ ಚಿತ್ರ ಬರೆದು ಭಾಗ ಗುರುತಿಸಿದರೆ ಅಂಕ ಸಿಗುತ್ತದೆ. ಆದರೆ ಬಸ್ಸಿನಲ್ಲಿ ಯಾರೋ ಮೈಗೆ ಮೈ ಒತ್ತಿದರೆ ಏನು ಮಾಡಬೇಕು ಅಂತ ಆ ಚಿತ್ರದಲ್ಲಿ ಇಲ್ಲ. ನಾನು ಓದಿದ ಶಾಲೆಯಲ್ಲಂತೂ ಮಾಸ್ತರು ಆ ಪಾಠ ಬಂದಾಗ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಮುಂದಿನ ಪಾಠಕ್ಕೆ ಹೋದರು. ಮನೆಯಲ್ಲಿ ಕೇಳಿದರೆ ಶಾಲೆಯಲ್ಲಿ ಕೇಳು ಅಂದರು.

ಯಾವ ವಯಸ್ಸಿಗೆ ಯಾವುದು

ಯಕ್ಷಗಾನ ಕಲಿಯಲು ಬಂದ ಮಗುವಿಗೆ ಯಾರೂ ಮೊದಲ ದಿನವೇ ಬಣ್ಣದ ವೇಷ ಕಟ್ಟುವುದಿಲ್ಲ. ಮೊದಲು ತಾಳ, ಹೆಜ್ಜೆ. ಆಮೇಲೆ ಕೋಡಂಗಿ, ಬಾಲಗೋಪಾಲ. ಹಾಗೆ ಮುಂದೆ ಹೋಗುತ್ತಾ ದೊಡ್ಡ ವೇಷ. ಲೈಂಗಿಕ ಶಿಕ್ಷಣವನ್ನೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತಾರೆ. ಯುನೆಸ್ಕೋ ಮಾರ್ಗದರ್ಶಿ ನಾಲ್ಕು ಮೆಟ್ಟಿಲು ಹೇಳುತ್ತದೆ: 5ರಿಂದ 8, 9ರಿಂದ 12, 12ರಿಂದ 15, 15ರಿಂದ 18 ಮತ್ತು ಅದರ ಮೇಲೆ.

ಒಂದನೇ ಕ್ಲಾಸಿನ ಮಗು ಕಲಿಯುವುದು ತನ್ನ ಮೈಯ ಅಂಗಗಳ ಹೆಸರು. ಅದರಲ್ಲಿ ಚಡ್ಡಿಯೊಳಗಿನ ಅಂಗಗಳೂ ಬರುತ್ತವೆ. ನನ್ನ ಮೈ ನನ್ನದು, ಯಾರಾದರೂ ಮುಟ್ಟಿದ್ದು ಇಷ್ಟ ಆಗದಿದ್ದರೆ ಬೇಡ ಅನ್ನಬಹುದು, ಅದನ್ನು ದೊಡ್ಡವರಿಗೆ ಹೇಳಬೇಕು. ಇಷ್ಟೇ. ಸ್ನಾನ ಮಾಡಿಸುವಾಗ ತಾಯಿ ಹೇಳಬಹುದಾದ ಮಾತುಗಳೇ ಇವು.

ನಾಲ್ಕು, ಐದು, ಆರನೇ ಕ್ಲಾಸಿಗೆ ಬಂದಾಗ ಮೈಯಲ್ಲಿ ಆಗಲಿರುವ ಬದಲಾವಣೆಯ ವಿಷಯ. ಇಲ್ಲಿ ಒಂದು ಲೆಕ್ಕ ಗಮನಿಸಬೇಕು. ಹುಡುಗಿಯರಲ್ಲಿ ಪ್ರಾಯದ ಬದಲಾವಣೆ 8ರಿಂದ 13 ವರ್ಷದ ಒಳಗೆ ಶುರುವಾಗುತ್ತದೆ. ಹುಡುಗರಲ್ಲಿ 9ರಿಂದ 14ರ ಒಳಗೆ. 8ನೇ ತರಗತಿಗೆ ಬರುವ ಹೊತ್ತಿಗೆ ಮಗುವಿಗೆ 13 ತುಂಬಿರುತ್ತದೆ. ಅಂದರೆ ಎಷ್ಟೋ ಹುಡುಗಿಯರು ಪಾಠಕ್ಕಿಂತ ಮೊದಲೇ ಆ ಪಾಯಖಾನೆಯಲ್ಲಿ ಅತ್ತು ಮುಗಿಸಿರುತ್ತಾರೆ. ಮಳೆ ಹಿಡಿದ ಮೇಲೆ ಮಾಡಿಗೆ ಹೆಂಚು ಹೊದಿಸಲು ಹತ್ತಿದ ಹಾಗೆ. ಕೋರ್ಟು ಚಿಕ್ಕ ವಯಸ್ಸಿನಿಂದಲೇ ಎಂದದ್ದು ನನಗೆ ಸರಿ ಅನ್ನಿಸುವುದು ಈ ಲೆಕ್ಕದಿಂದ.

ಪ್ರೀತಿ, ಆಕರ್ಷಣೆ, ಒಪ್ಪಿಗೆ ಅಂದರೆ ಏನು, ಕಾನೂನು ಏನು ಹೇಳುತ್ತದೆ, ಗರ್ಭ ಹೇಗೆ ನಿಲ್ಲುತ್ತದೆ, ಎಚ್‌ಐವಿ ಹೇಗೆ ಹರಡುತ್ತದೆ, ಮದುವೆಗೆ ವಯಸ್ಸು ಯಾಕೆ ಮುಖ್ಯ. ಇವೆಲ್ಲ ಹೈಸ್ಕೂಲು ಮತ್ತು ಕಾಲೇಜಿನ ಮಕ್ಕಳಿಗೆ.

ಮೈಯೊಳಗೆ ನಡೆಯುವುದು

ಮೆದುಳಿನ ಅಡಿಯಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿ ಇದೆ. ಪಿಟ್ಯುಟರಿ ಅಂತ ಹೆಸರು. ಇಷ್ಟು ವರ್ಷ ಸುಮ್ನೆ ಇದ್ದ ಒಂದು ಸಂದೇಶವನ್ನು ಅದು ಒಂದು ದಿನ ರಕ್ತದ ಮೂಲಕ ಕಳಿಸಲು ಶುರುಮಾಡುತ್ತದೆ. ಈ ಸಂದೇಶವಾಹಕಗಳೇ ಹಾರ್ಮೋನುಗಳು. ಹುಡುಗಿಯರಲ್ಲಿ ಅದು ಅಂಡಾಶಯಕ್ಕೆ ತಲುಪುತ್ತದೆ, ಹುಡುಗರಲ್ಲಿ ವೃಷಣಕ್ಕೆ. ಅಲ್ಲಿಂದ ಬೇರೆ ಹಾರ್ಮೋನುಗಳು ಹೊರಟು ಮೈಯೆಲ್ಲ ಬದಲಾಗುತ್ತದೆ. ತೋಟದ ತುದಿಯಲ್ಲಿ ಪಂಪಿನ ಗುಂಡಿ ಒತ್ತಿದರೆ ಎಲ್ಲ ಕಾಲುವೆಗೂ ನೀರು ಹರಿಯುತ್ತದಲ್ಲ, ಹಾಗೆ.

ಈಗ ಮುಟ್ಟು. ಹೆಣ್ಣಿನ ಅಂಡಾಶಯದಿಂದ ಸಾಮಾನ್ಯವಾಗಿ ತಿಂಗಳಿಗೆ ಒಂದು ಅಂಡ ಹೊರಬರುತ್ತದೆ. ಗರ್ಭ ನಿಂತರೆ ಬೇಕಾಗುತ್ತದೆ ಅಂತ ಗರ್ಭಕೋಶ ತನ್ನ ಒಳಗೋಡೆಗೆ ಮೆತ್ತನೆಯ ಪದರ ಕಟ್ಟಿಕೊಳ್ಳುತ್ತದೆ. ಸಸಿ ಹಾಕಲು ಗದ್ದೆಯ ಮೂಲೆಯಲ್ಲಿ ಮಣ್ಣು ಹದ ಮಾಡಿ ಮಡಿ ತಯಾರಿಸಿದ ಹಾಗೆ. ಗರ್ಭ ನಿಲ್ಲದಿದ್ದರೆ ಆ ಪದರಕ್ಕೆ ಕೆಲಸ ಇಲ್ಲ. ಅದು ಕಳಚಿ ರಕ್ತದ ಜೊತೆ ಹೊರಗೆ ಹೋಗುತ್ತದೆ. ಮುಂದಿನ ತಿಂಗಳು ಮತ್ತೆ ಹೊಸದು. ಒಂದು ಸಲಕ್ಕೆ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಎರಡು ಮೂರು ದೊಡ್ಡ ಚಮಚದಷ್ಟು. ನೋಡಲು ಜಾಸ್ತಿ ಕಾಣುತ್ತದೆ, ಅಷ್ಟೇ.

ಇದು ಕೆಟ್ಟ ರಕ್ತ ಅಲ್ಲ. ಮಗುವನ್ನು ಒಂಬತ್ತು ತಿಂಗಳು ಸಾಕಲು ದೇಹ ತಯಾರು ಮಾಡಿದ್ದು. ಕೆಟ್ಟದ್ದಾಗಿದ್ದರೆ ಮಗುವಿನ ಹಾಸಿಗೆಗೆ ಅದನ್ನು ಹಾಕುತ್ತಿತ್ತಾ? ಆ ದಿನಗಳಲ್ಲಿ ಯಾರ ಮನೆಯಲ್ಲಿ ಯಾವ ಆಚಾರ ನಡೆಯಬೇಕು ಎಂಬುದು ಆ ಮನೆಯವರ ವಿಚಾರ. ಆದರೆ ತನ್ನ ಮೈ ಕೊಳಕು ಅಂತ ಹನ್ನೆರಡು ವರ್ಷದ ಹುಡುಗಿ ನಂಬಿಕೊಂಡರೆ ಅದು ಅವಳ ಜೊತೆ ಬಹಳ ವರ್ಷ ಇರುತ್ತದೆ. ನನ್ನ ಜೊತೆ ಇತ್ತು.

ಮೊದಲ ಒಂದೆರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುವುದು ಸಾಮಾನ್ಯ. ಏಳು ದಿನ ದಾಟಿಯೂ ನಿಲ್ಲದಿದ್ದರೆ, ಗಂಟೆಗೊಂದು ಪ್ಯಾಡ್ ಬೇಕಾಗುತ್ತಿದ್ದರೆ, ಶಾಲೆ ಬಿಡುವಷ್ಟು ನೋವಿದ್ದರೆ, 15 ವರ್ಷವಾದರೂ ಬಾರದಿದ್ದರೆ ಡಾಕ್ಟರಿಗೆ ತೋರಿಸಬೇಕು. ಈ ನಾಲ್ಕು ಮಾತು ಗೊತ್ತಿದ್ದರೆ ತಾಯಂದಿರ ಅರ್ಧ ಚಿಂತೆ ಕಳೆಯುತ್ತದೆ.

ಹುಡುಗರ ಕಷ್ಟ ಕೇಳುವವರಿಲ್ಲ

ಹುಡುಗಿಗೆ ಕೊನೆಗೂ ಆಯಿ, ಅತ್ತಿಗೆ, ಅಕ್ಕೋರು ಯಾರಾದರೂ ಒಬ್ಬರು ಕಿವಿಯಲ್ಲಿ ಎರಡು ಮಾತು ಹೇಳುತ್ತಾರೆ. ಹುಡುಗನಿಗೆ ಆ ಎರಡು ಮಾತೂ ಇಲ್ಲ.

ಧ್ವನಿಪೆಟ್ಟಿಗೆ ಬೆಳೆಯುವುದರಿಂದ ಅವನ ದನಿ ಒಡೆಯುತ್ತದೆ. ಮುಖದ ಮೇಲೆ ಮೊಡವೆ, ಮೀಸೆ. ಒಂದು ಬೆಳಗ್ಗೆ ಎದ್ದರೆ ಬಟ್ಟೆ ಒದ್ದೆ. ಇದಕ್ಕೆ ಸ್ವಪ್ನಸ್ಖಲನ ಎನ್ನುತ್ತಾರೆ. ವೃಷಣಗಳು ವೀರ್ಯಾಣು ತಯಾರಿಸಲು ಶುರುಮಾಡಿವೆ, ಅದು ನಿದ್ದೆಯಲ್ಲಿ ಹೊರಬಂದಿದೆ. ರೋಗ ಅಲ್ಲ, ತಪ್ಪೂ ಅಲ್ಲ. ಆದರೆ ಹೇಳುವವರಿಲ್ಲದ ಹುಡುಗ ಆ ಬಟ್ಟೆಯನ್ನು ಯಾರಿಗೂ ಕಾಣದ ಹಾಗೆ ಬಾವಿಕಟ್ಟೆಯಲ್ಲಿ ತೊಳೆದು, ಒಳಗೊಳಗೇ ಕುಗ್ಗುತ್ತಾನೆ.

ಅವನಿಗೆ ಸಿಗುವ ಪಾಠ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಗುಪ್ತರೋಗದ ಜಾಹೀರಾತು. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಬೇಕು, ಅದು ಹೋದರೆ ಶಕ್ತಿ ಹೋಯಿತು ಎಂಬ ಮಾತು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ. ಬಾಯಲ್ಲಿ ಎಂಜಲು ಉತ್ಪತ್ತಿಯಾಗುವ ಹಾಗೆ ದೇಹ ಇದನ್ನೂ ತಯಾರಿಸುತ್ತಲೇ ಇರುತ್ತದೆ. ಆದರೆ ಈ ಹೆದರಿಕೆಯಿಂದ ಸುಸ್ತು, ನಿದ್ದೆಗೇಡು, ಮಂಕು ಹಿಡಿದು ಆಸ್ಪತ್ರೆಗೆ ಬರುವ ಯುವಕರು ಎಷ್ಟು ಜನ ಅಂದರೆ, ಭಾರತದ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ಇದಕ್ಕೆ ಧಾತ್ ಸಿಂಡ್ರೋಮ್ ಎಂದು ಹೆಸರನ್ನೇ ಇಟ್ಟರು. ಧಾತು ಹೋಗುತ್ತಿದೆ ಎಂಬ ಚಿಂತೆಯೇ ಕಾಯಿಲೆಯಾಗುವುದು. ಒಂದು ಪೀರಿಯಡ್ಡಿನ ಪಾಠದಲ್ಲಿ ಹೋಗಬಹುದಾದ ಹೆದರಿಕೆ ಇದು.

ಹುಡುಗರಿಗೆ ಮುಟ್ಟಿನ ಬಗ್ಗೆಯೂ ಹೇಳಬೇಕು. ಪಕ್ಕದ ಬೆಂಚಿನ ಹುಡುಗಿಯ ಲಂಗದ ಮೇಲೆ ಕಲೆ ಕಂಡರೆ ನಗುವವನು ಯಾರೂ ಹೇಳಿಕೊಡದವನು. ಇನ್ನೊಂದು ವಿಷಯವನ್ನು ಹುಡುಗ ಹುಡುಗಿ ಇಬ್ಬರೂ ಕಲಿಯಬೇಕು. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯಿಂದ ಬರುವ ವರ್ಣತಂತು, ಅಂದರೆ ಕ್ರೋಮೋಸೋಮು. ತಾಯಿಯಿಂದ ಯಾವಾಗಲೂ ಎಕ್ಸ್ ಮಾತ್ರ ಬರುತ್ತದೆ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಮೂರನೆಯದೂ ಹೆಣ್ಣಾಯಿತು ಅಂತ ಸೊಸೆಯನ್ನು ಬಯ್ಯುವ ಮನೆಗಳಿಗೆ ಈ ಒಂದು ಸಾಲಾದರೂ ತಲುಪಲಿ.

ಹೆಸರಿಲ್ಲದ ಅಂಗದ ಬಗ್ಗೆ ದೂರು ಹೇಗೆ ಹೇಳುವುದು

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇಲ್ಲಿದೆ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿದ್ದರು. ಅವರಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಹುಡುಗರೂ ಹುಡುಗಿಯರೂ ಇಬ್ಬರೂ. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಪೊಲೀಸ್ ದಾಖಲೆಗಳನ್ನು ನೋಡಿದರೂ ಇಂಥ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಕಡೆ ಆರೋಪಿ ಮಗುವಿಗೆ ಪರಿಚಯದವನೇ. ಅಪರಿಚಿತರು ಚಾಕಲೇಟು ಕೊಟ್ಟರೆ ತೆಗೆದುಕೊಳ್ಳಬೇಡ ಎಂದಷ್ಟೇ ಹೇಳಿ ಕಳಿಸಿದ ಮಗುವಿಗೆ, ಗುರುತಿನ ಮಾವ, ಬಾವ, ನೆರೆಮನೆಯವ ಹಾಗೆ ಮಾಡಿದರೆ ಏನು ಮಾಡಬೇಕು ಅಂತ ಗೊತ್ತಿರುವುದಿಲ್ಲ.

ಹೇಳಲು ಮೊದಲು ಬೇಕಾಗುವುದು ಪದ. ನಮ್ಮ ಜಿಲ್ಲೆಯಲ್ಲಿ ಇದು ಇನ್ನೂ ತೊಡಕು. ಕಾರವಾರದ ಮಗು ಮನೆಯಲ್ಲಿ ಕೊಂಕಣಿ ಮಾತಾಡುತ್ತದೆ. ಭಟ್ಕಳದಲ್ಲಿ ನವಾಯತಿ. ಅಂಕೋಲಾದ ಒಂದು ಕೇರಿಯಲ್ಲಿ ಹಾಲಕ್ಕಿ ಕನ್ನಡ, ಶಿರಸಿಯ ತೋಟದ ಮನೆಯಲ್ಲಿ ಹವ್ಯಕ, ಹಳಿಯಾಳದಲ್ಲಿ ಮರಾಠಿ. ಕೈ, ಕಾಲು, ಮೂಗಿಗೆ ಶಾಲೆಯ ಕನ್ನಡದಲ್ಲಿ ಪದ ಸಿಗುತ್ತದೆ. ಚಡ್ಡಿಯೊಳಗಿನ ಅಂಗಕ್ಕೆ ಮನೆಯಲ್ಲಿ ಒಂದು ಮುದ್ದಿನ ಹೆಸರು, ಬೀದಿಯಲ್ಲಿ ಒಂದು ಬೈಗುಳ. ಮುದ್ದಿನ ಹೆಸರು ಹೊರಗಿನವರಿಗೆ ತಿಳಿಯುವುದಿಲ್ಲ. ಬೈಗುಳ ಹೇಳಿದರೆ ಅಕ್ಕೋರು ಬೈಯುತ್ತಾರೆ. ಹಾಗಾಗಿ ಮಗು "ಹೊಟ್ಟೆ ನೋವು" ಅನ್ನುತ್ತದೆ. ನಾವು ಓಮದ ನೀರು ಕೊಟ್ಟು ಮಲಗಿಸುತ್ತೇವೆ.

ಶಿಶ್ನ, ಯೋನಿ, ಸ್ತನ, ಗುದದ್ವಾರ. ಮೂಗು ಕಿವಿಯ ಹಾಗೆ ಇವೂ ಅಂಗದ ಹೆಸರುಗಳು. ಶಾಲೆ ಈ ಪದಗಳನ್ನು ಮುಖ ಸಿಂಡರಿಸದೆ ಹೇಳಿದರೆ ಮಗುವಿಗೂ ಹೇಳಲು ಬರುತ್ತದೆ. ಮಕ್ಕಳು ಮನೆಯಲ್ಲಿ ಬಳಸುವ ಪದ ಯಾವುದು ಎಂಬುದು ಶಿಕ್ಷಕರಿಗೂ ಗೊತ್ತಿರಬೇಕು.

ಮಗು ಹೇಳಿದ ಮೇಲೆ ಕಾನೂನು ಏನು ಮಾಡುತ್ತದೆ? ಪೋಕ್ಸೋ ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಅದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಕಾಯ್ದೆ. 18 ವರ್ಷದೊಳಗಿನ ಎಲ್ಲರೂ ಇದರಲ್ಲಿ ಮಕ್ಕಳು, ಹುಡುಗರೂ ಸೇರಿ. ಅಪರಾಧ ನಡೆದದ್ದು ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಅದೂ ಅಪರಾಧ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗುವಿಗೆ ಹಿತವಾದ ಜಾಗದಲ್ಲಿ ತೆಗೆದುಕೊಳ್ಳಬೇಕು. ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ, ಅದೂ ಯೂನಿಫಾರ್ಮ್ ಇಲ್ಲದೆ ಬರಬೇಕು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಹೆಸರು, ಊರು, ಶಾಲೆ ಪೇಪರಿನಲ್ಲಿ ಬರುವ ಹಾಗಿಲ್ಲ. ಠಾಣೆ ಮೆಟ್ಟಿಲು ಹತ್ತಬೇಕು, ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಹೆದರಿಕೆಗೆ ಉತ್ತರ ಈ ಸಾಲುಗಳಲ್ಲಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ಫೋನ್ ಮಾಡಬಹುದು. ದುಡ್ಡು ಬೇಡ.

ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಇನ್ನೊಂದನ್ನು ಬಿಡಿಸಿ ಹೇಳಬೇಕು. 18ರ ಒಳಗಿನವರ ಒಪ್ಪಿಗೆಯನ್ನು ಈ ಕಾಯ್ದೆ ಒಪ್ಪಿಗೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಬ್ಬರೂ ಇಷ್ಟಪಟ್ಟು ಓಡಿಹೋದರೂ ಹುಡುಗನ ಮೇಲೆ ಕೇಸು ಬೀಳಬಹುದು. ಇದನ್ನು ಎಷ್ಟೋ ಹುಡುಗರು ಮೊದಲು ಕೇಳುವುದು ಠಾಣೆಯಲ್ಲಿ.

ಮೊಬೈಲ್ ಆಗಲೇ ಪಾಠ ಶುರುಮಾಡಿದೆ

ಮಕ್ಕಳಿಗೆ ಇದೆಲ್ಲ ಈಗಲೇ ಯಾಕೆ ಎನ್ನುವಾಗ ನಾವು ಒಂದು ವಿಷಯ ಮರೆಯುತ್ತೇವೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಕೊಟ್ಟ ಫೋನು ಮಗುವಿನ ಕೈಯಿಂದ ವಾಪಸ್ ಬರಲಿಲ್ಲ. ಗುಡ್ಡದ ನೆತ್ತಿಯಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಕೂತ ಮಕ್ಕಳೇ ಈಗ ಹೈಸ್ಕೂಲಿನಲ್ಲಿದ್ದಾರೆ, ಕಾಲೇಜಿನಲ್ಲಿದ್ದಾರೆ. ಅಶ್ಲೀಲ ವಿಡಿಯೊ ಯಾರ ವಯಸ್ಸನ್ನೂ ಕೇಳುವುದಿಲ್ಲ. ಅಲ್ಲಿ ಒಪ್ಪಿಗೆ ಕೇಳುವ ಮಾತಿಲ್ಲ, ಬೇಡ ಅಂದರೂ ಬೇಕು ಅಂತಲೇ ತೋರಿಸುತ್ತಾರೆ. ಸಿನಿಮಾದ ಫೈಟ್ ನೋಡಿ ನಿಜವಾದ ಜಗಳ ಹೀಗೇ ಅಂದುಕೊಂಡ ಹಾಗೆ, ಮಕ್ಕಳು ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ಕಾನೂನು ಇಲ್ಲಿಯೂ ಕಟ್ಟುನಿಟ್ಟು. ಮಕ್ಕಳ ಅಶ್ಲೀಲ ಚಿತ್ರ, ವಿಡಿಯೊಗಳನ್ನು ಅಳಿಸದೆ, ತಿಳಿಸಬೇಕಾದವರಿಗೆ ತಿಳಿಸದೆ ಫೋನಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಹೇಳಿತು. ಕ್ಲಾಸಿನ ಹುಡುಗಿಯ ಫೋಟೊವನ್ನು ತಮಾಷೆಗೆ ಅಂತ ಗುಂಪಿಗೆ ಕಳಿಸಿದ ಹುಡುಗನಿಗೆ ಇದರ ಭಾರ ಗೊತ್ತಿರುವುದಿಲ್ಲ. ಅದೇ ತೀರ್ಪಿನಲ್ಲಿ ಕೋರ್ಟು ಲೈಂಗಿಕ ಶಿಕ್ಷಣದ ಬಗ್ಗೆ ಇರುವ ತಪ್ಪು ಕಲ್ಪನೆಗಳನ್ನೂ ಚರ್ಚಿಸಿದೆ. ಇದು ಪರದೇಶದ ಸರಕು, ಮಕ್ಕಳನ್ನು ದಾರಿ ತಪ್ಪಿಸುತ್ತದೆ ಎಂಬ ನಂಬಿಕೆಯನ್ನು ಅದು ಒಪ್ಪಲಿಲ್ಲ.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರಾ?

ಪಾಲಕರ ದೊಡ್ಡ ಅನುಮಾನ ಇದೇ. ಗೊತ್ತಿಲ್ಲದ್ದನ್ನು ಗೊತ್ತು ಮಾಡಿಸಿದರೆ ಮಾಡಿ ನೋಡುವ ಆಸೆ ಹುಟ್ಟುತ್ತದೆ ಅಂತ.

ಇದನ್ನು ಅಳೆದು ನೋಡಿದ್ದಾರೆ. ಯುನೆಸ್ಕೋ 2009ರಲ್ಲಿ ಬೇರೆ ಬೇರೆ ದೇಶಗಳ 87 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಪಾಠ ಕೇಳಿದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಹೋಗುತ್ತಾರೆ ಎಂಬುದಕ್ಕೆ ಅಲ್ಲಿ ಪುರಾವೆ ಸಿಗಲಿಲ್ಲ. ಇದನ್ನು ಅಳೆದ ಅಧ್ಯಯನಗಳಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಕಡೆ ಮಕ್ಕಳು ತಡ ಮಾಡಿದ್ದರು. ಉಳಿದ ಹೆಚ್ಚಿನ ಕಡೆ ವ್ಯತ್ಯಾಸ ಆಗಿರಲಿಲ್ಲ. ಮದುವೆಯವರೆಗೆ ಬೇಡ ಎಂದು ಬರೀ ಬುದ್ಧಿ ಹೇಳುವ ಪಾಠಗಳಿಂದ ಅಂಥ ಪ್ರಯೋಜನ ಕಾಣಲಿಲ್ಲ ಎಂದೂ 2018ರ ಮಾರ್ಗದರ್ಶಿ ಹೇಳುತ್ತದೆ.

ಈಗ ಪಾಠ ಇಲ್ಲದೆ ಮಕ್ಕಳು ಸುರಕ್ಷಿತವಾಗಿದ್ದಾರಾ ಅಂತಲೂ ನೋಡಬೇಕು, ಅಲ್ವಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಐದರಲ್ಲಿ ಒಬ್ಬರು. ಮೈ ಪೂರ್ತಿ ಬೆಳೆಯುವ ಮೊದಲೇ ಬಸಿರು ನಿಂತರೆ ತಾಯಿಗೂ ಅಪಾಯ, ಮಗುವಿಗೂ ಅಪಾಯ. ಇದನ್ನು ಆ ಹುಡುಗಿಯರಿಗೆ ಯಾರು ಹೇಳಿದ್ದರು?

ಎರಡು ದಶಕದ ಎಳೆದಾಟ

ಇದು ಹೊಸ ಮಾತೇನಲ್ಲ. ಹದಿಹರೆಯದ ಶಿಕ್ಷಣ ಕಾರ್ಯಕ್ರಮ ಎಂಬ ಹೆಸರಿನಲ್ಲಿ ಕೇಂದ್ರ ಸರ್ಕಾರ ಇದನ್ನು 2005ರಲ್ಲೇ ಶುರುಮಾಡಿತ್ತು. ಆಗ ಎಚ್‌ಐವಿ ಹೆದರಿಕೆ ದೊಡ್ಡದಿತ್ತು. ಪುಸ್ತಕದ ಚಿತ್ರಗಳ ಬಗ್ಗೆ ಗಲಾಟೆ ಎದ್ದು 2007ರಲ್ಲಿ ಹಲವು ರಾಜ್ಯಗಳು ನಿಲ್ಲಿಸಿದವು. ಕರ್ನಾಟಕವೂ ಅದರಲ್ಲಿ ಒಂದು. 2009ರಲ್ಲಿ ಎಂ. ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ ಎಂದು ವರದಿ ಕೊಟ್ಟಿತು. ಆಗ ಆರನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ತಾವೇ ಪಾಲಕರಾಗುವ ವಯಸ್ಸಿಗೆ ಬಂದಿದ್ದಾರೆ.

ಅದೇ ಹೊತ್ತಿನಲ್ಲಿ ಜಾರ್ಖಂಡ್ ಉಡಾನ್ ಎಂಬ ಹೆಸರಿನಲ್ಲಿ ಸರ್ಕಾರಿ ಶಾಲೆಗಳಲ್ಲಿ ಇದೇ ಪಾಠವನ್ನು ಮುಂದುವರಿಸಿತು. ಶ್ರೀಮಂತ ರಾಜ್ಯ ಅಲ್ಲ, ಕಾಡು ಹಳ್ಳಿಗಳೇ ಜಾಸ್ತಿ. ಶಿಕ್ಷಕರಿಗೆ ತರಬೇತಿ ಕೊಟ್ಟರು, ಊರಿನವರ ಜೊತೆ ಮಾತಾಡಿದರು. ನಮ್ಮ ಜೋಯಿಡಾ, ಯಲ್ಲಾಪುರಕ್ಕೆ ಹೋಲಿಸಿ ನೋಡಬಹುದಾದ ಉದಾಹರಣೆ ಇದು.

ಆಮೇಲೆ ಆರೋಗ್ಯ ಇಲಾಖೆಯ ಕಡೆಯಿಂದ ಒಂದು ದಾರಿ ತೆರೆಯಿತು. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆ. ಇದರಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಇರುವ ಸ್ನೇಹ ಕ್ಲಿನಿಕ್‌ಗಳಿವೆ. ಶಾಲೆಗೆ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡುವ ಯೋಜನೆ 2020ರಲ್ಲಿ ಬಂತು. ಅದರ 11 ವಿಷಯಗಳಲ್ಲಿ ಸಂತಾನ ಆರೋಗ್ಯ, ಎಚ್‌ಐವಿ, ಗಂಡು ಹೆಣ್ಣಿನ ಸಮಾನತೆ, ಹಿಂಸೆಯಿಂದ ರಕ್ಷಣೆ ಎಲ್ಲವೂ ಇವೆ. ಕಾಗದದಲ್ಲಿ ಜಾಗ ಇದೆ. ಕ್ಲಾಸಿನಲ್ಲಿ ಪೀರಿಯಡ್ ಬೇಕಾಗಿದೆ.

ಸರ್ಕಾರಿ ಶಾಲೆಯಲ್ಲೇ ಯಾಕೆ

ಮನೆಯಲ್ಲೇ ಹೇಳಿಕೊಡಬಹುದಲ್ಲ ಎನ್ನುವವರಿದ್ದಾರೆ. ಹೇಳಿಕೊಡುವ ಮನೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಪ್ಪ ದೋಣಿಯಲ್ಲಿ ಸಮುದ್ರದ ಮೇಲೆ, ಆಯಿ ಬೆಳಗಿನ ಜಾವವೇ ಮೀನು ಬುಟ್ಟಿ ಹೊತ್ತು ಪೇಟೆಗೆ. ಆ ಮಗು ಯಾರನ್ನು ಕೇಳಬೇಕು? ಕಾಡಿನ ಊರುಗಳ ಎಷ್ಟೋ ಮಕ್ಕಳು ಹೈಸ್ಕೂಲಿಗೆ ಅಂತ ಹಾಸ್ಟೆಲು ಸೇರುತ್ತಾರೆ. ಮೊದಲ ಮುಟ್ಟು ಹಾಸ್ಟೆಲಿನಲ್ಲೇ ಆಗುತ್ತದೆ. ಮೊದಲ ಮೊಬೈಲು, ಮೊದಲ ಪ್ರೀತಿ, ಮೊದಲ ಹೆದರಿಕೆ ಎಲ್ಲ ಅಲ್ಲೇ. ಇವರಲ್ಲಿ ಜಾಸ್ತಿ ಮಕ್ಕಳಿಗೆ ದುಡ್ಡು ಕೊಟ್ಟು ಸಲಹೆ ಕೇಳುವ ದಾರಿ ಇಲ್ಲ. ಶಾಲೆ ಬಿಟ್ಟರೆ ಬೇರೆ ಜಾಗ ಇಲ್ಲ. ಇನ್ನೊಂದು ಕಹಿ ಮಾತು: ದೌರ್ಜನ್ಯ ಮನೆಯೊಳಗೇ ನಡೆಯುತ್ತಿದ್ದರೆ ಮನೆಯೇ ಕಲಿಸಲಿ ಎನ್ನುವುದಕ್ಕೆ ಅರ್ಥ ಇರುವುದಿಲ್ಲ.

ಶಿಕ್ಷಕರಿಗೂ ಇದು ಸುಲಭದ ಕೆಲಸ ಅಲ್ಲ. ಅವರೂ ನಮ್ಮ ಹಾಗೆ ಕಾಗೆಯ ಕತೆ ಕೇಳಿ ಬೆಳೆದವರು. ತರಬೇತಿ ಇಲ್ಲದೆ ಕ್ಲಾಸಿಗೆ ಕಳಿಸಿದರೆ ನಾಚಿಕೆಯಲ್ಲಿ ಪಾಠ ಮುಗಿಸುತ್ತಾರೆ, ಇಲ್ಲವೇ ಉಪದೇಶ ಮಾಡುತ್ತಾರೆ. ತರಬೇತಿಯಲ್ಲಿ ಅವರು ಆ ಪದಗಳನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬೇಕು. ಹೆಸರು ಬರೆಯದೆ ಪ್ರಶ್ನೆ ಹಾಕುವ ಒಂದು ಡಬ್ಬಿ ಕ್ಲಾಸಿನಲ್ಲಿಟ್ಟರೆ ಸಾಕು, ಮಕ್ಕಳ ತಲೆಯಲ್ಲಿ ಏನಿದೆ ಎಂಬುದು ಒಂದೇ ವಾರದಲ್ಲಿ ತಿಳಿಯುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸ್, ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಶಿಕ್ಷಕರಿಗೂ ಧೈರ್ಯ.

ಪಾಲಕರು ಕೇಳಬಹುದಾದದ್ದು

ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಪಾಲಕರೇ ಜಾಸ್ತಿ ಇರುತ್ತಾರೆ. ಮುಂದಿನ ಸಭೆಯಲ್ಲಿ ಬಿಸಿಯೂಟ, ಕಾಂಪೌಂಡ್ ಗೋಡೆಯ ಜೊತೆ ಇದನ್ನೂ ಕೇಳಿ. ಪಾಠದ ಪುಸ್ತಕವನ್ನು ನಮಗೆ ಮೊದಲು ತೋರಿಸುತ್ತೀರಾ? ಯಾವ ಕ್ಲಾಸಿಗೆ ಏನು ಹೇಳುತ್ತೀರಿ? ಹೇಳಿಕೊಡುವವರಿಗೆ ತರಬೇತಿ ಆಗಿದೆಯಾ? ಐದು, ಆರನೇ ಕ್ಲಾಸಿನ ಹುಡುಗಿಯರಿಗೆ ಮುಟ್ಟಿನ ವಿಷಯ ಯಾವಾಗ ಹೇಳುತ್ತೀರಿ? ಹುಡುಗರಿಗೆ ಯಾರು ಹೇಳುತ್ತಾರೆ? ಪಾಯಖಾನೆಯಲ್ಲಿ ನೀರು, ಚಿಲಕ, ಪ್ಯಾಡ್ ಹಾಕಲು ಬುಟ್ಟಿ ಇದೆಯಾ? ಸರ್ಕಾರದ ಶುಚಿ ಯೋಜನೆಯ ಪ್ಯಾಡ್ ಬಂದಿದೆಯಾ? ಮಗು ಏನಾದರೂ ಹೇಳಿದರೆ ಶಾಲೆಯಲ್ಲಿ ಅದನ್ನು ಕೇಳಿಸಿಕೊಳ್ಳುವವರು ಯಾರು? 1098 ಎಂಬ ನಂಬರು ಮಕ್ಕಳಿಗೆ ಕಾಣುವ ಗೋಡೆಯಲ್ಲಿದೆಯಾ?

ಮನೆಯಲ್ಲಿ ಒಂದು ದಿನ ಮಗು ಬಂದು, ಇಂಥವರು ಹೀಗೆ ಮಾಡಿದರು ಅಂದರೆ, ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿ. ಅವರು ಹಾಗೆ ಮಾಡುವವರಲ್ಲ ಅನ್ನಬೇಡಿ. ನೀನು ಅಲ್ಲಿಗೆ ಯಾಕೆ ಹೋದೆ ಅಂತಲೂ ಕೇಳಬೇಡಿ. "ನನಗೆ ಹೇಳಿದ್ದು ಒಳ್ಳೆದಾಯ್ತು, ನಿನ್ನ ತಪ್ಪಿಲ್ಲ" ಎಂದು ಹೇಳಿ, ಹತ್ತಿರ ಕೂರಿಸಿಕೊಳ್ಳಿ. ಆಮೇಲೆ ಫೋನ್ ತೆಗೆದುಕೊಂಡು 1098 ಒತ್ತಿ.